ಸಭೆಯ ಜಗಳ ಮನೆಗೆ ಬಂದಿದೆ. ಕಿವಿಗೊಡುವುದು ಅಂದರೆ ಬಾಯಿ ಮುಚ್ಚಿಕೊಂಡಿರುವುದಾ?

ಕೊನೇ ಬೆಂಚು ಕೇಳಿದ್ದು:

ಎಲ್ಲರಿಗೂ ವಂದನೆ. ವಿಷಯ ಸ್ವಲ್ಪ ಉದ್ದ ಇದೆ, ಬೇಸರ ಮಾಡ್ಕೋಬೇಡಿ.

ನಾನು ನಮ್ಮ ಸಭೆಯ, ಅಂದರೆ ಚರ್ಚಿನ, ಕಮಿಟಿಯಲ್ಲಿದ್ದೇನೆ. ನಮ್ಮಣ್ಣ ಅದೇ ಸಭೆಯ ಖಜಾಂಚಿ. ಕಟ್ಟಡದ ನಿಧಿಗೆ ಬಂದ ಕಾಣಿಕೆಯ ಲೆಕ್ಕವನ್ನು ಕಮಿಟಿ ಮುಂದೆ ಇಡಿ ಅಂತ ಮೀಟಿಂಗ್‌ನಲ್ಲಿ ಕೇಳಿದೆ. ಅಷ್ಟೇ ಕೇಳಿದ್ದು. ಯಾರೋ ದುಡ್ಡು ಹೊಡೆದಿದ್ದಾರೆ ಅಂತ ಹೇಳಲಿಲ್ಲ, ಹಾಗೆ ಅಂದುಕೊಂಡೂ ಇಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಅದು "ತಮ್ಮನೇ ಅಣ್ಣನನ್ನು ಕಳ್ಳ ಅಂದ" ಅಂತ ಆಗಿತ್ತು.

ಆಮೇಲೆ ವಾಟ್ಸಾಪ್ ಗುಂಪಿನಲ್ಲಿ ವಚನಗಳ ಯುದ್ಧ. ಒಬ್ಬರು ಯಾಕೋಬ 1:19 ಹಾಕಿದರು, ಕಿವಿಗೊಡುವುದರಲ್ಲಿ ಚುರುಕಾಗಿರಿ, ಮಾತಿನಲ್ಲೂ ಕೋಪದಲ್ಲೂ ನಿಧಾನ ಇರಲಿ ಅನ್ನೋದು. ಅದು ನನಗೇ ಅಂತ ಎಲ್ಲರಿಗೂ ಗೊತ್ತು. ಇನ್ನೊಬ್ಬರು ಕೀರ್ತನೆ 105ರಿಂದ "ಅಭಿಷಿಕ್ತರನ್ನು (ದೇವರು ಆರಿಸಿಕೊಂಡವರನ್ನು) ಮುಟ್ಟಬಾರದು" ಅನ್ನೋ ಮಾತನ್ನು ದಪ್ಪ ಅಕ್ಷರದಲ್ಲಿ ಹಾಕಿದರು. ಕೆಳಗೆ ಸಾಲಾಗಿ ಕೈಮುಗಿದ ಎಮೋಜಿ. ನನ್ನ ಪರ ಇರುವವರು ಸುಮ್ಮನಿದ್ದರಾ? ಅವರು ದೇವಾಲಯದಲ್ಲಿ ವ್ಯಾಪಾರಿಗಳ ಮೇಜು ಕೆಡವಿದ ಯೇಸುವನ್ನು ತಂದು ನಿಲ್ಲಿಸಿದರು. ನನಗಂತೂ ಗುಂಪು ತೆರೆಯೋದೇ ಬೇಡ ಅನ್ನಿಸಿಬಿಟ್ಟಿದೆ.

ಅಣ್ಣ ತಮ್ಮ ಒಂದೇ ಮನೆಯಲ್ಲಿದ್ದೇವೆ. ಈಗ ಅವನು ನನ್ನ ಹತ್ತಿರ ಮಾತಾಡಬೇಕಾದರೆ ನಮ್ಮಮ್ಮನಿಗೆ ಹೇಳ್ತಾನೆ, ನಾನು ಪಕ್ಕದಲ್ಲೇ ಕೂತಿದ್ದರೂ. "ಅವನಿಗೆ ಹೇಳಮ್ಮ, ಗೇಟು ಹಾಕೋಕೆ." ಹೀಗೆ. ಅಮ್ಮನಿಗೆ ಸಾಕಾಗಿದೆ.

ಪಾಸ್ಟರ್ ನನ್ನನ್ನು ಕರೆದು, ನೀನು ಚಿಕ್ಕವನು, ಸಮಾಧಾನ ಮಾಡುವವನೇ ಧನ್ಯ, ಈ ವಿಷಯ ಬಿಟ್ಟುಬಿಡು ಅಂದರು. ನನ್ನ ಪ್ರಶ್ನೆ ಇದು. ಕ್ರೈಸ್ತನಾದವನು ಕೇಳಿಸಿಕೊಳ್ಳಬೇಕು ಅನ್ನುವುದು ನಿಜ. ಆದರೆ ಪ್ರತಿ ಸಲ ಅದರ ಅರ್ಥ "ನೀನು ಸುಮ್ಮನಿರು" ಅಂತಲೇ ಯಾಕೆ ಆಗುತ್ತೆ? ಲೆಕ್ಕ ಕೇಳೋದನ್ನೂ ಬಿಡದೆ, ಅಣ್ಣನನ್ನೂ ಕಳೆದುಕೊಳ್ಳದೆ ಇರೋಕೆ ದಾರಿ ಇದೆಯಾ? ದಯವಿಟ್ಟು ಬರೀ "ಪ್ರಾರ್ಥನೆ ಮಾಡಿ" ಅಂತ ಮಾತ್ರ ಬರೆಯಬೇಡಿ. ಅದನ್ನು ಮಾಡ್ತಾನೇ ಇದ್ದೇನೆ.

ಸಂಜೆಗಂಟೆ:

ಬ್ರದರ್, ಮೊದಲಿಗೆ ಲೆಕ್ಕದ ವಿಷಯ ಮುಗಿಸಿಬಿಡೋಣ. 2 ಕೊರಿಂಥ 8ನೇ ಅಧ್ಯಾಯ ಓದಿ, 20, 21ನೇ ವಚನ. ಜೆರುಸಲೇಮಿನ ಬಡವರಿಗೆ ಅಂತ ಸಭೆಗಳಿಂದ ಹಣ ಕೂಡಿಸಿದಾಗ ಪೌಲ ಅದನ್ನು ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ತನ್ನ ಜೊತೆಗಾರ ತೀತನ ಜೊತೆ ಸಭೆಗಳೇ ಆರಿಸಿದ ಸಹೋದರನನ್ನೂ ಕಳಿಸಿದ. ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ಕರ್ತನ ಮುಂದೆ ಸರಿಯಾಗಿದ್ದರೆ ಸಾಲದು, ಜನರ ಮುಂದೆಯೂ ಸರಿಯಾಗಿರಬೇಕು ಅಂತ ಅವನೇ ಬರೆದಿದ್ದಾನೆ. ಅಪೊಸ್ತಲನೇ ಹಾಗೆ ನಡೆದುಕೊಂಡ ಮೇಲೆ, ಲೆಕ್ಕ ಕೇಳಿದರೆ ಅಪನಂಬಿಕೆ ಅನ್ನೋ ಮಾತಿಗೆ ಬೆಲೆ ಇಲ್ಲ.

ಆದರೆ ಈಗ ನಿಮಗೊಂದು ಮಾತು. ಜ್ಞಾನೋಕ್ತಿ 18:17ರಲ್ಲಿ, ಮೊದಲು ವಾದ ಮಾಡಿದವನೇ ಸರಿ ಅಂತ ಕಾಣುತ್ತೆ, ಎದುರಾಳಿ ಬಂದು ಪರೀಕ್ಷೆ ಮಾಡುವ ತನಕ ಅಂತ ಇದೆ. ನಾವೆಲ್ಲ ಈಗ ಕೇಳಿರುವುದು ನಿಮ್ಮ ವಾದ ಒಂದನ್ನೇ. ನಿಮ್ಮಣ್ಣ ಇಲ್ಲಿಗೆ ಬಂದು ಬರೆದರೆ ಕಥೆ ಬೇರೆ ಥರ ಇರಬಹುದು, ಅಲ್ವಾ? ಬೇಜಾರಾಗಬೇಡಿ. ನಿಮ್ಮ ಬರಹದಲ್ಲಿ ಗುಂಪಿನವರು ಏನಂದರು, ಪಾಸ್ಟರ್ ಏನಂದರು ಎಲ್ಲ ಇದೆ. ಅಣ್ಣ ಲೆಕ್ಕದ ಬಗ್ಗೆ ಏನಂದ ಅನ್ನೋದು ಮಾತ್ರ ಇಲ್ಲ. ಗೇಟು ಹಾಕೋಕೆ ಹೇಳಿದ್ದೊಂದು ಬಿಟ್ಟರೆ.

ಮತ್ತಾಯ 18:15 ಎಲ್ಲರಿಗೂ ಬಾಯಿಪಾಠ. ಸಹೋದರ ತಪ್ಪು ಮಾಡಿದರೆ ನೀನು ಹೋಗು, ನೀವಿಬ್ಬರೇ ಇರುವಾಗ ಹೇಳು. ಅದರ ಜೊತೆ ಮತ್ತಾಯ 5:23 ಇಟ್ಟು ಓದಿ. ಯಜ್ಞವೇದಿ ಹತ್ತಿರ ಕಾಣಿಕೆ ಇಡುವಾಗ ನಿನಗೆ ನೆನಪಿಗೆ ಬರಬೇಕಾದ್ದು ಯಾವುದು? ನಿನಗೆ ಅವನ ಮೇಲಿರುವ ದೂರಲ್ಲ. ಅವನಿಗೆ ನಿನ್ನ ಮೇಲಿರುವ ದೂರು. ಅಂದರೆ ತಪ್ಪು ಅವನದಾದರೂ ನೀನೇ ಹೋಗಬೇಕು, ನಿನ್ನದಾದರೂ ನೀನೇ ಹೋಗಬೇಕು. "ಅವನೇ ಮೊದಲು ಬರಲಿ" ಅನ್ನೋಕೆ ಯೇಸು ಎಲ್ಲೂ ಜಾಗ ಬಿಟ್ಟಿಲ್ಲ.

ಹಾಗಾಗಿ ಅಣ್ಣನ ಹತ್ತಿರ ಹೋಗಿ. ಲೆಕ್ಕದ ಮಾತು ತೆಗೆಯುವ ಮೊದಲು, ನಾನು ಮೀಟಿಂಗ್‌ನಲ್ಲಿ ಕೇಳಿದ್ದು ನಿನಗೆ ಹೇಗೆ ಅನ್ನಿಸಿತು ಅಂತ ಕೇಳಿ. ಕೇಳಿದ ಮೇಲೆ ನಡುವೆ ಬಾಯಿ ಹಾಕಬೇಡಿ. ಅವನು ತಪ್ಪು ಹೇಳಿದರೂ ಹಾಕಬೇಡಿ. ಅವನು ಮುಗಿಸಿದ ಮೇಲೆ, "ನೀನು ಹೇಳಿದ್ದು ಇದು ತಾನೇ?" ಅಂತ ನಿಮ್ಮ ಮಾತಿನಲ್ಲಿ ಹೇಳಿ ನೋಡಿ. ಹೌದು ಅಂತ ಅವನ ಬಾಯಿಂದ ಬಂದ ಮೇಲೇ ನಿಮ್ಮ ಮಾತು ಶುರುವಾಗಲಿ. ಸಿಟ್ಟು ಬಂದಾಗ ಇದು ಎಷ್ಟು ಕಷ್ಟ ಅಂತ ಗೊತ್ತು, ನಾನೂ ಅಕ್ಕತಂಗಿಯರ ನಡುವೆಯೇ ಬೆಳೆದವಳು.

ನೇರಮಾತು:

ಸಂಜೆಗಂಟೆಯವರ ಮಾತು ಅಣ್ಣತಮ್ಮಂದಿರ ಮಟ್ಟಿಗೆ ಸರಿ. ಆದರೆ ಪಾಸ್ಟರ್ ಮಾಡಿದ್ದನ್ನು ಇಷ್ಟು ಸುಲಭವಾಗಿ ದಾಟಿಕೊಂಡು ಹೋಗೋಕೆ ನನಗೆ ಮನಸ್ಸಿಲ್ಲ.

ಮಾರ್ಕ 10ರಲ್ಲಿ ಕುರುಡ ಬಾರ್ತಿಮಾಯ ದಾರಿ ಪಕ್ಕ ಕೂತು ಕೂಗುತ್ತಾನೆ. ಸುಮ್ಮನಿರು ಅಂತ ಗದರಿಸಿದವರು ಯಾರು? ಯೇಸುವಿನ ಹಿಂದೆ ಹೋಗುತ್ತಿದ್ದ ಜನರೇ! ಯೇಸು ನಿಂತ, ಕರೆಸಿದ, "ನಾನು ನಿನಗೆ ಏನು ಮಾಡಬೇಕು" ಅಂತ ಕೇಳಿದ. ಕಣ್ಣಿಲ್ಲದವನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಿಲ್ಲ? ಆದರೂ ಅವನ ಬಾಯಿಂದಲೇ ಕೇಳಿದ. ನಮ್ಮ ಎಷ್ಟೋ ಸಭೆಗಳು ಈ ಕಥೆಯಲ್ಲಿ ಗದರಿಸುವ ಜನರ ಪಾತ್ರ ಮಾಡುತ್ತಿವೆ, ಅದೂ ವಚನ ಹೇಳಿಕೊಂಡು.

"ಅಭಿಷಿಕ್ತರನ್ನು ಮುಟ್ಟಬಾರದು" ಅನ್ನುವವರಿಗೆ ಹೇಳಿ, ಕೀರ್ತನೆ 105ರಲ್ಲಿ ಆ ಮಾತು ಅಬ್ರಹಾಮ, ಇಸಾಕ, ಯಾಕೋಬರು ನೆಲೆ ಇಲ್ಲದೆ ಅಲೆಯುತ್ತಿದ್ದಾಗ ಅವರಿಗೆ ಕೈ ಹಚ್ಚಬೇಡಿ ಅಂತ ದೇವರು ರಾಜರನ್ನು ಗದರಿಸಿದ್ದು. ದಿಕ್ಕಿಲ್ಲದವರನ್ನು ಕಾಪಾಡಲು ಬಲ ಇದ್ದವರಿಗೆ ಹೇಳಿದ ಮಾತದು. ಈಗ ಅದನ್ನು ತಿರುಗಿಸಿ ಹಿಡಿದಿದ್ದಾರೆ.

ಇನ್ನೂ ಬೇಕಾದರೆ 1 ಸಮುವೇಲ 24 ಓದಿ. ಅಭಿಷಿಕ್ತನ ಮೇಲೆ ಕೈ ಎತ್ತುವುದಿಲ್ಲ ಅಂದವನು ದಾವೀದನೇ. ಆದರೆ ಅವನು ಗವಿಯಲ್ಲಿ ಬಾಯಿ ಮುಚ್ಚಿಕೊಂಡು ಕೂತನಾ? ಇಲ್ಲ. ತನ್ನನ್ನು ಕೊಲ್ಲಲು ಹುಡುಕುತ್ತಿದ್ದ ರಾಜ ಸೌಲ ಅದೇ ಗವಿಗೆ ಬಂದಾಗ ಅವನ ಬಟ್ಟೆಯ ಅಂಚು ಕೊಯ್ದು ಇಟ್ಟುಕೊಂಡ, ಸೌಲ ಹೊರಗೆ ಹೋದ ಮೇಲೆ ತಾನೂ ಬಂದು ಕೂಗಿ ಕರೆದ, ಅಡ್ಡಬಿದ್ದ, ಆಮೇಲೆ ಆ ತುಂಡು ತೋರಿಸಿ ಮುಖಕ್ಕೆ ಮುಖ ಕೊಟ್ಟು ಕೇಳಿದ, ನಾನು ನಿನಗೆ ಕೇಡು ಬಗೆಯುತ್ತೇನೆ ಅನ್ನುವವರ ಮಾತನ್ನು ಯಾಕೆ ಕೇಳ್ತೀಯ ಅಂತ. ಮರ್ಯಾದೆಯೂ ಇತ್ತು, ಸಾಕ್ಷಿಯೂ ಇತ್ತು. ಸೌಲ ಅತ್ತ. ಆದರೂ ದಾವೀದ ಅವನ ಜೊತೆ ಮನೆಗೆ ಹೋಗಲಿಲ್ಲ, ತನ್ನವರನ್ನು ಕರೆದುಕೊಂಡು ಕೋಟೆಯಂಥ ಜಾಗಕ್ಕೇ ವಾಪಸ್ ಹೋದ. ಅತ್ತ ಮಾತ್ರಕ್ಕೆ ನಂಬಬೇಕಾಗಿಲ್ಲ ಅಂತ ಅವನಿಗೆ ಗೊತ್ತಿತ್ತು.

ಈ ಥ್ರೆಡ್ ಓದುವ ಬೇರೆಯವರಿಗೂ ಒಂದು ಮಾತು. ಮನೆಯಲ್ಲೋ ಸಭೆಯಲ್ಲೋ ಹೊಡೆತ, ಲೈಂಗಿಕ ಕಿರುಕುಳ ಅನುಭವಿಸುತ್ತಿರುವವರಿಗೆ ಮತ್ತಾಯ 18 ತೋರಿಸಿ "ಮೊದಲು ಒಬ್ಬಳೇ ಹೋಗಿ ಅವನ ಹತ್ತಿರ ಮಾತಾಡು" ಅನ್ನುವುದು ಕ್ರೌರ್ಯ. ಅಲ್ಲಿ ಪೊಲೀಸರಿಗೆ ಹೇಳಬೇಕು. ಅದೇ ಅಧ್ಯಾಯದಲ್ಲೇ, ಈ ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಮೇಲು ಅಂತಲೂ ಯೇಸು ಹೇಳಿದ್ದಾನೆ. ಅದನ್ನು ಯಾರೂ ಗುಂಪಿಗೆ ಹಾಕಲ್ಲ ನೋಡಿ.

ಕೊನೇ ಬೆಂಚು:

ಸಂಜೆಗಂಟೆ ಸಿಸ್ಟರ್, ಚುಚ್ಚಿತು, ಆದರೆ ಸರಿಯಾಗಿಯೇ ಹೇಳಿದ್ದೀರಿ. ನೇರಮಾತು ಅವರೇ, ದಾವೀದನ ಕಥೆಯ ಕೊನೆ ಭಾಗ ನನ್ನ ಗಮನಕ್ಕೇ ಬಂದಿರಲಿಲ್ಲ.

ಒಂದು ಅನುಮಾನ. ಅಣ್ಣ ಕಿರುಚುವ ಸ್ವಭಾವದವನು. ಅವನು ಹೇಳುವುದರಲ್ಲಿ ಅರ್ಧ ಸುಳ್ಳು ಅಂತ ಆಗಲೇ ಅನ್ನಿಸುತ್ತಿರುತ್ತೆ. ಸುಳ್ಳು ಅಂತ ಗೊತ್ತಿದ್ದೂ ತಲೆ ಆಡಿಸಿಕೊಂಡು ಕೂತರೆ ಅದು ನಾಟಕ ಆಗಲ್ವಾ?

ಹಳೇ ಕಪಾಟು:

ಚರಿತ್ರೆಯಿಂದ ಒಂದು ಕಥೆ ಹೇಳ್ತೇನೆ, ಯಾಕೆಂದರೆ ನಿಮ್ಮ ಅನುಮಾನಕ್ಕೆ ಉತ್ತರ ಅಲ್ಲೇ ಇದೆ ಅಂತ ನನಗನ್ನಿಸುತ್ತೆ.

1529ರಲ್ಲಿ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಮನೆಮಂದಿಗೆ ನಂಬಿಕೆ ಕಲಿಸಲು ಚಿಕ್ಕ ಪ್ರಶ್ನೋತ್ತರ ಪುಸ್ತಕ ಬರೆದರು. ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಅನ್ನುವ ಆಜ್ಞೆಯನ್ನು ವಿವರಿಸುವಾಗ, ಚಾಡಿ ಹೇಳಬಾರದು ಅಂತ ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ನೆರೆಯವನ ಪರ ಮಾತಾಡಬೇಕು, ಅವನು ಮಾಡಿದ್ದಕ್ಕೆಲ್ಲ ಆದಷ್ಟು ಒಳ್ಳೆಯ ಅರ್ಥ ಕೊಡಬೇಕು ಅಂದರು. ಚೆನ್ನಾಗಿದೆ, ಅಲ್ವಾ?

ಅದೇ 1529ರ ಅಕ್ಟೋಬರ್‌ನಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಎದುರುಬದುರು ಕೂತರು. ಕರ್ತನ ಭೋಜನದ ಬಗ್ಗೆ ಜಗಳ, ಅಲ್ಲಿ ಕೊಡುವ ರೊಟ್ಟಿಯಲ್ಲಿ ಯೇಸುವಿನ ದೇಹ ನಿಜವಾಗಿ ಇದೆಯಾ ಅಂತ. ಹೆಸ್ಸೆಯ ಫಿಲಿಪ್ ಅನ್ನುವ ದೊರೆ ಇಬ್ಬರನ್ನೂ ಒಂದು ಮಾಡಬೇಕು ಅಂತ ಕರೆಸಿದ್ದ. ಲೂಥರ್ ಮಾತು ಶುರುವಾಗುವ ಮೊದಲೇ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ "ಇದು ನನ್ನ ದೇಹ" ಅನ್ನೋ ವಚನವನ್ನು ಲ್ಯಾಟಿನ್‌ನಲ್ಲಿ ಬರೆದಿಟ್ಟರು. ಏನೇ ವಾದ ಬಂದರೂ ಕೊನೆಗೆ ಅದನ್ನೇ ತೋರಿಸಿದರು. ನಿಮ್ಮ ವಾಟ್ಸಾಪ್ ಗುಂಪಿನ ದಪ್ಪ ಅಕ್ಷರ ನೆನಪಾಯಿತಾ? ಹದಿನೈದು ಅಂಶಗಳಲ್ಲಿ ಹದಿನಾಲ್ಕಕ್ಕೆ ಒಪ್ಪಿಗೆ ಆಯಿತು. ಹದಿನೈದನೆಯದರಲ್ಲಿ ಒಂದು ಭಾಗಕ್ಕೆ ಆಗಲಿಲ್ಲ. ಜ್ವಿಂಗ್ಲಿ ಕಣ್ಣೀರು ಹಾಕಿದರೂ ಲೂಥರ್ ಸಹೋದರ ಅಂತ ಒಪ್ಪಲಿಲ್ಲ. ಯುರೋಪಿನ ಲೂಥರನ್ ಮತ್ತು (ಜ್ವಿಂಗ್ಲಿ ಕಡೆಯ) ರಿಫಾರ್ಮ್ಡ್ ಸಭೆಗಳು ಹಳೇ ಖಂಡನೆಗಳನ್ನು ಬದಿಗಿಟ್ಟು ಒಂದೇ ಭೋಜನಕ್ಕೆ ಕೂರಲು ಒಪ್ಪಿದ್ದು 1973ರಲ್ಲಿ, ಸ್ವಿಟ್ಜರ್ಲೆಂಡಿನ ಲಾಯೆನ್‌ಬರ್ಗ್‌ನಲ್ಲಿ. ನಡುವೆ ನಾನೂರು ವರ್ಷಕ್ಕೂ ಜಾಸ್ತಿ.

ಲೂಥರ್‌ಗೆ ಇದು ಸತ್ಯದ ಪ್ರಶ್ನೆ, ರಾಜಿ ಮಾಡಿಕೊಳ್ಳಬಾರದಿತ್ತು ಅನ್ನುವವರಿದ್ದಾರೆ. ನಾನು ರಾಜಿಯ ಮಾತಾಡುತ್ತಿಲ್ಲ. ಬರೆದಿಟ್ಟುಕೊಂಡು ಕೂತವನಿಗೆ ಹೊಸದೇನೂ ಕೇಳಿಸಲ್ಲ ಅಂತಷ್ಟೇ ಹೇಳ್ತಿದ್ದೇನೆ.

ಲೂಥರ್‌ಗೆ ಪೂರ್ತಿ ಎದುರು ಪಾಳಯದಲ್ಲಿದ್ದ ಇಗ್ನೇಷಿಯಸ್ ಲೊಯೋಲ, ಯೇಸುಸಭೆ ಕಟ್ಟಿದವರು, ತಮ್ಮ ಧ್ಯಾನದ ಪಾಠಗಳ ಆರಂಭದಲ್ಲೇ ಒಂದು ನಿಯಮ ಇಟ್ಟಿದ್ದಾರೆ. ಇನ್ನೊಬ್ಬನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಹಚ್ಚಲು ಮುಂದಾಗು. ಆಗದಿದ್ದರೆ, ನೀನು ಅದನ್ನು ಯಾವ ಅರ್ಥದಲ್ಲಿ ಹೇಳಿದೆ ಅಂತ ಅವನನ್ನೇ ಕೇಳು. ಅವನ ತಿಳುವಳಿಕೆ ತಪ್ಪಾಗಿದ್ದರೆ ಪ್ರೀತಿಯಿಂದ ತಿದ್ದು. ತಿದ್ದು ಅನ್ನುವುದು ಅಲ್ಲಿದೆ, ಗಮನಿಸಿ. ನೀವು ಕೇಳಿದ್ದಕ್ಕೆ ಉತ್ತರ ಇದೇ. ಸುಳ್ಳಿಗೆ ತಲೆ ಆಡಿಸಬೇಕಾಗಿಲ್ಲ. "ಇದನ್ನು ಯಾವ ಅರ್ಥದಲ್ಲಿ ಹೇಳಿದೆ?" ಅಂತ ಕೇಳಿದರೆ ಸಾಕು. ನಿಜವಾಗಿ ಸುಳ್ಳಾಗಿದ್ದರೆ ಆ ಪ್ರಶ್ನೆಗೆ ಅದು ನಿಲ್ಲಲ್ಲ.

ನಿಮ್ಮ ಪಾಸ್ಟರ್ "ನೀನು ಚಿಕ್ಕವನು" ಅಂದರಲ್ಲ, ಅದಕ್ಕೂ ಒಂದಿದೆ. ಆರನೇ ಶತಮಾನದಲ್ಲಿ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮದ ಮೂರನೇ ಅಧ್ಯಾಯದಲ್ಲಿ, ಮುಖ್ಯವಾದ ವಿಷಯ ಬಂದಾಗ ಎಲ್ಲರನ್ನೂ ಸೇರಿಸಿ ಕೇಳಬೇಕು, ಯಾಕೆಂದರೆ ಉತ್ತಮವಾದದ್ದನ್ನು ಕರ್ತನು ಎಷ್ಟೋ ಸಲ ಕಿರಿಯವನಿಗೇ ತಿಳಿಸುತ್ತಾನೆ ಅಂತ ಇದೆ. ತೀರ್ಮಾನ ಹಿರಿಯನದೇ. ಆದರೆ ಕೇಳಿದ ಮೇಲೆ.

ಬರೀ ಓದುಗ:

ನಾನು ನಂಬಿಕೆಯವನಲ್ಲ, ಥ್ರೆಡ್ ಚೆನ್ನಾಗಿದೆ ಅಂತ ಓದ್ತಿದ್ದೆ. ಒಂದು ಕೇಳ್ತೇನೆ, ತಪ್ಪು ತಿಳ್ಕೋಬೇಡಿ. ಮಧ್ಯೆ ಮಾತಾಡಬೇಡ, ಅವರು ಹೇಳಿದ್ದನ್ನು ನಿನ್ನ ಮಾತಲ್ಲಿ ತಿರುಗಿ ಹೇಳು, ಇದೆಲ್ಲ ಯಾವ ಆಪ್ತಸಲಹೆಗಾರರಾದರೂ ಹೇಳ್ತಾರೆ. ಇದರಲ್ಲಿ ನಂಬಿಕೆಯ ಕೆಲಸ ಏನು?

ಸಂಜೆಗಂಟೆ:

ಒಳ್ಳೇ ಪ್ರಶ್ನೆ. ವಿಧಾನದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಇರಲೇಬೇಕು ಅಂತಲೂ ಇಲ್ಲ. ಯಾಕೆ ಮಾಡ್ತೀವಿ ಅನ್ನುವುದರಲ್ಲಿ, ಯಾರಿಗೋಸ್ಕರ ಮಾಡ್ತೀವಿ ಅನ್ನುವುದರಲ್ಲಿ ಇದೆ.

ಸತ್ಯವೇದದ ದೇವರು ಮೊದಲಿಂದಲೂ ಕಿವಿಗೊಡುವವನು. ಮನೆಯಿಂದ ಹೊರಬಿದ್ದ ಹಾಗರಳ ಮಗುವಿನ ಅಳು ಕೇಳಿಸಿಕೊಂಡ. ಈಜಿಪ್ಟಿನಲ್ಲಿ ಬಿಟ್ಟಿ ದುಡಿಯುತ್ತಿದ್ದವರ ಕೂಗು ಕೇಳಿಸಿಕೊಂಡ. ನನ್ನ ಮಾತನ್ನು ಒಬ್ಬ ಕೇಳಿದ್ದಾನೆ ಅನ್ನೋ ಭರವಸೆ ಇದ್ದವನಿಗೆ ಪ್ರತಿ ಜಗಳದಲ್ಲೂ ಕೊನೇ ಮಾತು ತನ್ನದೇ ಆಗಬೇಕು ಅನ್ನೋ ಹಠ ಸ್ವಲ್ಪ ಸಡಿಲ ಆಗುತ್ತೆ. ಆಗಬೇಕು. ಆಗದೇ ಇರುವವರೂ ಸಭೆಯ ಮುಂದಿನ ಸಾಲಿನಲ್ಲೇ ಇದ್ದಾರೆ, ಅದು ಬೇರೆ ಮಾತು.

ಎರಡನೆಯದು, ಶತ್ರುವಿಗಾಗಿ ಪ್ರಾರ್ಥಿಸು ಅನ್ನುವುದು. ಸಲಹೆಗಾರರು ಇದನ್ನು ಕೇಳಲ್ಲ. ಒಬ್ಬರ ಹೆಸರು ಹೇಳಿ ದಿನಾ ಪ್ರಾರ್ಥಿಸಿಕೊಂಡು ಅವರನ್ನೇ ಗುಂಪಿನಲ್ಲಿ ಹರಾಜು ಹಾಕುವುದು ಕಷ್ಟ, ಬೇಕಾದರೆ ಪ್ರಯತ್ನ ಮಾಡಿ ನೋಡಿ.

ಆಮೇಲೆ, ಎಲ್ಲವನ್ನೂ ಕಳೆದುಕೊಂಡು ನರಳುತ್ತಿದ್ದ ಯೋಬನ ಸ್ನೇಹಿತರು. ಏಳು ದಿನ, ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಲ್ಲಿ ತನಕ ಎಷ್ಟು ಒಳ್ಳೆಯವರು! ಬಾಯಿ ಬಿಟ್ಟ ಮೇಲೆ ಅಧ್ಯಾಯದ ಮೇಲೆ ಅಧ್ಯಾಯ ದೇವರ ಪರ ವಕಾಲತ್ತು. ಯೋಬ ದೇವರ ಮೇಲೇ ಕೂಗಾಡಿದ, ತಾನು ಹುಟ್ಟಿದ ದಿನವನ್ನೇ ಶಪಿಸಿದ. ಕೊನೆಗೆ ದೇವರು ಸಿಟ್ಟಾದದ್ದು ಸ್ನೇಹಿತರ ಮೇಲೆ, ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ. ಆದ್ದರಿಂದ ಮೆತ್ತಗಿನ ದನಿ ಅಂದರೆ ಭಕ್ತಿ, ಜೋರು ದನಿ ಅಂದರೆ ಪಾಪ ಅಂತ ನಾವು ಅಳೆಯಬಾರದು. ಕೊನೇ ಬೆಂಚು ಅವರೇ, ನಿಮ್ಮಣ್ಣ ಕಿರುಚಿದರೂ ಅದರೊಳಗೆ ನಿಜ ಇರಬಹುದು.

ನೇರಮಾತು:

ಇದಕ್ಕೆ ಒಂದು ಸೇರಿಸ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದ ಮುಗಿದ ಮೇಲೆ 1996ರಲ್ಲಿ ಸತ್ಯ ಮತ್ತು ಸಮನ್ವಯ ಆಯೋಗ ಸಾರ್ವಜನಿಕವಾಗಿ ಕೂತಾಗ ಅಧ್ಯಕ್ಷರಾಗಿದ್ದವರು ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ನೊಂದವರು ತಮ್ಮ ತಮ್ಮ ಭಾಷೆಯಲ್ಲೇ ಹೇಳಿಕೊಳ್ಳಲು ಅವಕಾಶ ಇತ್ತು. ಶುರುವಿನ ದಿನಗಳಲ್ಲೇ ಒಬ್ಬರ ಕಥೆ ಕೇಳುತ್ತಾ ಟುಟು ಮೇಜಿನ ಮೇಲೆ ತಲೆಯಿಟ್ಟು ಅತ್ತರು. ದೊಡ್ಡ ಕೆಲಸ. ಆದರೆ ಪರಿಹಾರ? 2003ರಲ್ಲಿ ಸರ್ಕಾರ ತಲಾ 30,000 ರ‍್ಯಾಂಡ್ ಒಂದೇ ಸಲ ಅಂತ ಘೋಷಿಸಿತು, ಆಯೋಗ ಹೇಳಿದ್ದಕ್ಕಿಂತ ಎಷ್ಟೋ ಕಡಿಮೆ. ಕಿವಿಗೊಟ್ಟ ಮೇಲೆ ಕೈಯೂ ಆಡಬೇಕು. ಅಪೊಸ್ತಲರ ಕೃತ್ಯ 6ರಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಪಾಲು ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಾಗ ಅಪೊಸ್ತಲರು "ಗೊಣಗಬೇಡಿ" ಅನ್ನಲಿಲ್ಲ. ಏಳು ಜನರನ್ನು ಆರಿಸಿ ಆ ಕೆಲಸ ಒಪ್ಪಿಸಿದರು. ಆ ಏಳೂ ಹೆಸರುಗಳು ಗ್ರೀಕ್ ಹೆಸರುಗಳು.

ಕೊನೇ ಬೆಂಚು:

ನಿನ್ನೆ ಅಣ್ಣನ ಹತ್ತಿರ ಕೂತಿದ್ದೆ. ಅಮ್ಮ ಒಳಗೆ ಹೋಗುವ ತನಕ ಇಬ್ಬರೂ ಬಾಯಿ ಬಿಡಲಿಲ್ಲ. ಸಿಸ್ಟರ್ ಹೇಳಿದ ಹಾಗೇ ಕೇಳಿದೆ. ಮೊದಲು ಕಿರುಚಾಡಿದ, "ನೀನು ಈಗ ಬಂದಿದ್ದೀಯಾ ದೊಡ್ಡ ನ್ಯಾಯಾಧೀಶ" ಅಂತೆಲ್ಲ. ಮಧ್ಯೆ ಬಾಯಿ ಹಾಕಲಿಲ್ಲ, ಆದರೆ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಆಮೇಲೆ ನಿಜ ಬಂತು. ಕೆಲವು ಬಿಲ್ ಕಳೆದುಹೋಗಿವೆಯಂತೆ. ಅಂಗಡಿಯವರ ಹತ್ತಿರ ಮತ್ತೆ ಕೇಳಿ ತರಿಸುತ್ತಿದ್ದನಂತೆ, ಸಿಗುವ ತನಕ ಯಾರಿಗೂ ಹೇಳುವುದು ಬೇಡ ಅಂತ ಇದ್ದನಂತೆ. "ಮನೆಯಲ್ಲಿ ಕೇಳಬಹುದಿತ್ತಲ್ಲ, ಎಲ್ಲರ ಮುಂದೆ ಯಾಕೆ ಕೇಳಿದೆ" ಅಂದ. ಬಿಲ್ ಕಳೆದದ್ದನ್ನು ಕಮಿಟಿಗೆ ಹೇಳಲೇಬೇಕು ಅಂತ ನಾನೂ ಹೇಳಿದೆ. ಅದಕ್ಕೆ ಒಪ್ಪಿಲ್ಲ. ಪೂರ್ತಿ ಸರಿಹೋಗಿಲ್ಲ, ಆದರೆ ಗೇಟು ಹಾಕೋಕೆ ಈಗ ನನಗೇ ಹೇಳ್ತಾನೆ.

ಈಗ ಕಮಿಟಿಗೆ ಏನು ಬರೆಯಬೇಕು ಅಂತ ಗೊತ್ತಾಗ್ತಿಲ್ಲ. ಯಾರಾದರೂ ಹೇಳ್ತೀರಾ?

ಹಳೇ ಕಪಾಟು:

ಬಿಲ್ ಕಳೆದ ವಿಷಯ ನೀವು ಬರೆಯಬೇಡಿ, ಅದನ್ನು ಅಣ್ಣನೇ ಹೇಳಬೇಕು. ಮುಂದಿನ ಮೀಟಿಂಗ್‌ಗೆ ಮೊದಲು ಹೇಳು, ಹೇಳುವಾಗ ನಾನು ಪಕ್ಕದಲ್ಲಿ ಇರುತ್ತೇನೆ ಅಂತ ಅವನಿಗೆ ತಿಳಿಸಿ. ಹೇಳದಿದ್ದರೆ ನಾನೇ ಹೇಳಬೇಕಾಗುತ್ತೆ ಅನ್ನೋದನ್ನೂ ಈಗಲೇ ತಿಳಿಸಿ, ಆಮೇಲೆ ಹಿಂದಿನಿಂದ ಚುಚ್ಚಿದ ಅಂತ ಆಗಬಾರದು.

ನಿಮ್ಮ ಪತ್ರದಲ್ಲಿ ಮುಂದಿನ ಕ್ರಮ ಮಾತ್ರ ಇರಲಿ. ಕಾಣಿಕೆಯನ್ನು ಪ್ರತಿ ಸಲ ಇಬ್ಬರು ಒಟ್ಟಿಗೆ ಎಣಿಸಿ ಸಹಿ ಹಾಕಬೇಕು, ಆ ಇಬ್ಬರು ಒಂದೇ ಮನೆಯವರಾಗಿರಬಾರದು. ವರ್ಷದ ಲೆಕ್ಕವನ್ನು ಕಮಿಟಿಯ ಹೊರಗಿನವರು ನೋಡಬೇಕು. ಇದು ಯಾರೇ ಖಜಾಂಚಿ ಆದರೂ ಅನ್ವಯ ಅಂತ ಒಂದು ಸಾಲು ಸೇರಿಸಿ. ವಚನ ಹಾಕಲೇಬೇಕು ಅನ್ನಿಸಿದರೆ 2 ಕೊರಿಂಥ 8 ಸಾಕು, ಅದನ್ನೂ ದಪ್ಪ ಅಕ್ಷರದಲ್ಲಿ ಬೇಡ. ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಅಣ್ಣನಿಗೆ ಓದಿ ತೋರಿಸಿ.